ನಿಪ್ಪಾಣಿಯ ಅಂಗಡಿಯಲ್ಲಿ ಬೆಳೆದ ಮಗ

ನನಗೆ ಮಕ್ಕಳಿಲ್ಲ. ಮದುವೆಯೇ ಆಗಿಲ್ಲ, ಇನ್ನು ಮಕ್ಕಳೆಲ್ಲಿಂದ ಬರಬೇಕು? ಆದರೂ ನಿಪ್ಪಾಣಿಯ ಒಂದು ಅಂಗಡಿಯಲ್ಲಿ ನನ್ನ ಮಗ ಮೂರು ವರ್ಷ ಬೆಳೆದ. ನಾಲ್ಕು ವರ್ಷದವನಾಗಿ ಹುಟ್ಟಿ ಏಳಕ್ಕೆ ಬಂದ. ಅಂಗನವಾಡಿ ಮುಗಿಸಿ ಸಾಲೆಗೆ ಸೇರಿದ, ಒಮ್ಮೆ ಜ್ವರ ಬಂದು ಎಂಟು ದಿನ ಮಲಗಿದ. ಆ ಜ್ವರದ ಸುದ್ದಿ ಕೇಳಿ ಅಂಗಡಿಯ ಮುದುಕ ಮರುಗಿದ್ದು ನೆನಪಾದರೆ ಇವತ್ತಿಗೂ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ನಮ್ಮದು ಐನಾಪುರದ ಹತ್ತಿರದ ಹಳ್ಳಿ. ಹೊಲದಲ್ಲಿ ಕಬ್ಬು, ದ್ರಾಕ್ಷಿ. ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ಒಂದು ಸಲ ದ್ರಾಕ್ಷಿಗೆ ಔಷಧಿ ಹೊಡೆಯುವ ಬ್ಲೋವರ್ ಕೆಟ್ಟಿತು. ಅದರ ಸಾಮಾನು ಅಥಣಿಯಲ್ಲಿ ಸಿಗಲಿಲ್ಲವೆಂದು ನಿಪ್ಪಾಣಿಯವರೆಗೆ ಹೋದೆ. ಮೇಸ್ತ್ರಿ ಒಂದು ತಾಸು ಕಾಯಿರಿ ಅಂದ. ಪೇಟೆಯಲ್ಲಿ ಸುಮ್ಮನೆ ಅಡ್ಡಾಡುತ್ತ ಒಂದು ಜನರಲ್ ಸ್ಟೋರಿನ ಮುಂದೆ ನಿಂತೆ. ಗೋಡೆಗೆ ತೂಗುಹಾಕಿದ ಪ್ಯಾಕೆಟ್ಟುಗಳಲ್ಲಿ ಬೆರಳುದ್ದದ ಲೋಹದ ಗಾಡಿಗಳಿದ್ದವು. ಅದರಲ್ಲೊಂದು ಬಿಳಿ ಪಿಕಪ್. ನಮ್ಮ ಒಣದ್ರಾಕ್ಷಿಯನ್ನು ಸಾಂಗಲಿಯ ಪೇಟೆಗೆ ಒಯ್ಯುವ ಗಾಡಿಯೇ ಅದು, ಅದೇ ಮೂತಿ, ಅದೇ ಹಿಂಬದಿಯ ಹಲಗೆಯ ಫಳಿ. ಕೈಗೆತ್ತಿಕೊಂಡವನಿಗೆ ಕೆಳಗಿಡಲಾಗಲಿಲ್ಲ. ಸಣ್ಣವನಿದ್ದಾಗ ಇಂಥದ್ದೊಂದೂ ನನ್ನ ಕೈಗೆ ಸಿಕ್ಕಿರಲಿಲ್ಲ ಎಂದು ಕಾರಣ ಹೇಳಬಹುದು, ಆದರೆ ಅದು ಸುಳ್ಳು. ಸಿಕ್ಕಿದ್ದವು. ಬರೀ ಚೆಂದ ಕಂಡಿತು, ಬೇಕು ಅನ್ನಿಸಿತು, ಅಷ್ಟೆ.

ದುಡ್ಡು ಎಣಿಸುವ ಗಲ್ಲೆಯಲ್ಲಿ ಬಿಳಿ ಟೊಪ್ಪಿಗೆಯ ಮುದುಕ ಕೂತಿದ್ದ. ಎಪ್ಪತ್ತು ದಾಟಿದ ಜೀವ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ನಾನು ಪ್ಯಾಕೆಟ್ ಮುಂದಿಟ್ಟಾಗ ಅವನು ಕೇಳಿದ್ದು ಇಡೀ ದುನಿಯಾ ಕೇಳುವ ಮಾತನ್ನೇ.

'ಮಗಗ ಏನ್ರಿ ಪಾವಣ್ಯಾರ?'

ನನಗೆ ಆಗ ಮೂವತ್ತಮೂರು. ಮೀಸೆ ಹೊತ್ತ ಗಂಡಸು ಅಂಗಡಿಯಲ್ಲಿ ನಿಂತು 'ಇಲ್ರಿ, ನನಗ' ಅನ್ನಬೇಕಿತ್ತು. ನಾನು ತಲೆ ಅಲ್ಲಾಡಿಸಿ 'ಹೂಂನ್ರಿ' ಅಂದೆ. ನನ್ನ ಮಗ ಹುಟ್ಟಿದ್ದು ಹೀಗೆ.

ಆಮೇಲೆ ಚಟ ಹತ್ತಿತು. ಹತ್ತಿರದಲ್ಲಿ ಕೊಳ್ಳುವಂತಿರಲಿಲ್ಲ. ಕಾಗವಾಡದ ಅಂಗಡಿಯವನು ನನ್ನ ಸೋದರಮಾವನ ಗೆಳೆಯ. ಅಥಣಿಯಲ್ಲಿ ಅರ್ಧ ಪೇಟೆ ನಮ್ಮ ಬೀಗರದೇ. ಚಿಕ್ಕೋಡಿಯಲ್ಲಿ ಅಕ್ಕನ ಮನೆ. ರಾಯಬಾಗದಲ್ಲಿ ಒಂದು ಸಲ ಧೈರ್ಯ ಮಾಡಿದೆ. ಪ್ಯಾಕೆಟ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ 'ಏನಪಾ, ಇಲ್ಲೇನ ಮಾಡಾಕತ್ತಿ?' ಅಂದರು. ಎರಡು ಪೆನ್ನು ಕೊಂಡು ಹೊರಬಿದ್ದೆ. ಕಡೆಗೆ ನಿಪ್ಪಾಣಿಯೇ ಗಟ್ಟಿಯಾಯಿತು. ಅಷ್ಟು ದೂರ ನನ್ನ ಗುರುತು ಯಾರಿಗಿದೆ ಎಂದುಕೊಂಡೆ.

ಆರಿಸುವುದರಲ್ಲಿ ಮಾತ್ರ ನಾನು ಭಾರಿ ಕಟ್ಟುನಿಟ್ಟು. ಒಂದು ಸಲ ಹೋದರೆ ಒಂದೇ ಗಾಡಿ. ಬೆಂಕಿಯ ಚಿತ್ರ ಬಳಿದವು, ರೆಕ್ಕೆ ಹಚ್ಚಿದವು, ಹಲ್ಲು ಕಿಸಿಯುವವು ನನಗೆ ಬೇಡ. ನಿಜವಾಗಿ ರಸ್ತೆಯ ಮೇಲೆ ಓಡಿದ ಗಾಡಿಯೇ ಆಗಬೇಕು. ತಳವೂ ಲೋಹದ್ದಿದ್ದರೆ ಅದಕ್ಕೆ ಮೊದಲ ಮರ್ಯಾದೆ, ಪ್ಲಾಸ್ಟಿಕ್ಕಿನದಾದರೆ ಎರಡು ಸಲ ವಿಚಾರ. ಒಂದೇ ನಮೂನೆಯವು ನಾಲ್ಕಿದ್ದರೆ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಬೇಕು. ಒಂದರ ಹಿಂದಿನ ಗಾಲಿ ಸೊಟ್ಟ ಇರುತ್ತದೆ. ಇನ್ನೊಂದರ ದೀಪದ ಬಣ್ಣ ಜಾರಿ ಬಂಪರಿನ ಮೇಲೆ ಕೂತಿರುತ್ತದೆ. ಒಣದ್ರಾಕ್ಷಿ ಆರಿಸಿ ಆರಿಸಿ ಪಳಗಿದ ಕಣ್ಣು ನಮ್ಮ ಮನೆತನದ್ದು. ಅವ್ವ ಕಾಳು ಹರವಿಕೊಳ್ಳುವ ಅಗಲ ಪರಾತದಿಂದ ಒಂದು ಕಪ್ಪು ಕಾಳು ತಪ್ಪಿಸಿಕೊಂಡದ್ದಿಲ್ಲ. ಅದೇ ಕಣ್ಣನ್ನು ನಾನು ಈ ಕೆಲಸಕ್ಕೆ ಹಚ್ಚಿದ್ದೆ. ಮನೆಗೆ ತಂದು ಒಣದ್ರಾಕ್ಷಿಯ ಖಾಲಿ ಡಬ್ಬದಲ್ಲಿ ಹಾಕಿ, ಡಬ್ಬವನ್ನು ಕಪಾಟಿನ ಮೇಲೆ ಔಷಧಿ ಬಾಟಲಿಗಳ ಹಿಂದೆ ಇಡುತ್ತಿದ್ದೆ. ಔಷಧಿ ಇದ್ದಲ್ಲಿ ಅವ್ವ ಕೈ ಹಾಕುವುದಿಲ್ಲ.

ನಾನು ಇಷ್ಟು ಹೊತ್ತು ಆರಿಸುವುದನ್ನು ನೋಡಿ ಮುದುಕನಿಗೆ ಅಚ್ಚರಿ. ಅದಕ್ಕೂ ನಾನು ಮಗನನ್ನೇ ಮುಂದೆ ಮಾಡಿದೆ. 'ಗಾಲಿ ಸೊಟ್ಟ ಇದ್ರ ಮಾರಿ ಉಬ್ಬಸ್ತಾನ್ರಿ ಕಾಕಾ. ಪ್ಲಾಸ್ಟಿಕ್ ತಳ ಇದ್ರಂತೂ ಮುಟ್ಟಾಂಗಿಲ್ಲ.' ಮುದುಕ ನಕ್ಕು, 'ಹುಷಾರ್ ಅದಾನ ಬಿಡ್ರಿ. ಉಳದ ಹುಡುಗ್ರು ಬೆಂಕಿ ಚಿತ್ರಕ್ಕ ಬೀಳ್ತಾವು, ನಿಮ್ಮಂವಾ ಕಸಬು ನೋಡ್ತಾನ' ಅಂದ. ನಾನು ಉಬ್ಬಿ ಹೋದೆ. ಹೊಗಳಿಕೆ ನನಗೇ ಸೇರಬೇಕಾದದ್ದಲ್ಲವೇ! ನಾಚಿಕೆಗೇಡಿನ ಸಂಗತಿಯೆಂದರೆ ಸುಳ್ಳು ರುಚಿ ಹತ್ತುತ್ತ ಹೋಯಿತು. ಮಗನಿಗೆ ಹಠ ಬಂತು, ಸಾಲೆ ಬಂತು, ಜ್ವರ ಬಂತು. ಆಟಿಗೆ ಸಾಮಾನು ಜಾಸ್ತಿಯಾಯಿತೆಂದು ಬೈಯುವ ಹೆಂಡತಿಯೂ ಬಂದಳು. ಹೊಸ ಮಾಲು ಬಂದಾಗ ಮುದುಕ ಒಳ್ಳೆಯದೊಂದನ್ನು ಗಲ್ಲೆಯ ಕೆಳಗೆ ಎತ್ತಿಟ್ಟಿರುತ್ತಿದ್ದ. 'ನಿಮ್ಮ ಮಗನ ಸಲುವಾಗಿ ತಗದ ಇಟ್ಟೇನಿ' ಅನ್ನುತ್ತಿದ್ದ. ಒಂದು ಸಲವಾದರೂ ಕರೆತನ್ನಿರಿ ಎಂದು ಎಷ್ಟೋ ಸಲ ಹೇಳಿದ. ನಾನು ಪರೀಕ್ಷೆ ಅಂದೆ, ನೆಗಡಿ ಅಂದೆ.

ಇತ್ತ ಮನೆಯಲ್ಲಿ ಅವ್ವ ನನಗೆ ಹೆಣ್ಣು ಹುಡುಕಿ ಸೋತಿದ್ದಳು. ನಮ್ಮ ಕಡೆ ಈಗ ಹೊಲ ಇದ್ದವನಿಗೆ ಹೆಣ್ಣು ಕೊಡುವವರಿಲ್ಲ. ತಮ್ಮದೇ ಎಂಟೆಕರೆ ಕಬ್ಬು ಇದ್ದವರೂ 'ಹುಡುಗಗ ನೌಕ್ರಿ ಐತೇನ್ರಿ?' ಎಂದು ಕೇಳುತ್ತಾರೆ. ಕೇಳಿದವರ ಮನೆಯ ಚಹಾ ಕುಡಿದು ಎದ್ದು ಬರುವುದು ನನಗೆ ರೂಢಿಯಾಗಿಬಿಟ್ಟಿತ್ತು, ಸಿಟ್ಟೂ ಬರುತ್ತಿರಲಿಲ್ಲ. ಹಾಗಿರುವಾಗ ಏಕಸಂಬಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಓದಿದವಳು, ಚಿಕ್ಕೋಡಿಯ ಒಂದು ಸಾಲೆಯಲ್ಲಿ ಕಲಿಸುತ್ತಿದ್ದಳು. ರೈತನಾದರೂ ಅಡ್ಡಿಯಿಲ್ಲ ಎಂದು ಅವಳೇ ಹೇಳಿದ್ದಳಂತೆ. ಸೋದರಮಾವ ನಡುವೆ ನಿಂತು ಮಾತಾಡಿದ.

ನೋಡಲು ಹೋದ ದಿನ ಅವಲಕ್ಕಿ, ಚಹಾ ಆದ ಮೇಲೆ ನಮ್ಮಿಬ್ಬರನ್ನೇ ಮಾತಾಡಿಕೊಳ್ಳಿರೆಂದು ಹಿತ್ತಲಿಗೆ ಕಳಿಸಿದರು. ಅಲ್ಲಿ ಅವರ ಟ್ರ್ಯಾಕ್ಟರ್ ನಿಂತಿತ್ತು. ಅವಳು ಅದರ ಗಾಲಿಗೆ ಕೈ ಇಟ್ಟು, 'ನನಗ ಗಾಡಿ ಅಂದ್ರ ಬಾಳ ಹುಚ್ಚರಿ. ಇದನ್ನ ನಾನೂ ಹೊಡೀತೀನಿ. ಕಬ್ಬಿನ ಟ್ರೇಲರ್ ಹಚ್ಚಿ ಹಿಂದಕ್ಕ ತಗೊಳ್ಳಾಕ ನಮ್ಮಪ್ಪಗಿಂತ ಚಲೋ ಬರ್ತೈತಿ' ಅಂದಳು. ಆಮೇಲೆ, 'ನಿಮಗ ಖಾಲಿ ಇದ್ದಾಗ ಏನ್ ಮಾಡಾಕ ಇಷ್ಟರಿ?' ಎಂದು ಕೇಳಿದಳು.

ಡಬ್ಬದೊಳಗಿನ ಅಷ್ಟೂ ಗಾಡಿಗಳು ನನ್ನ ನಾಲಿಗೆಯ ತುದಿಗೆ ಬಂದವು. ಆ ಟ್ರ್ಯಾಕ್ಟರಿನ ಹಳೆಯ ನಮೂನೆ ನನ್ನಲ್ಲಿ ಕೆಂಪು ಬಣ್ಣದ್ದಿತ್ತು. 'ಹೊಲಾ ಬಿಟ್ರ ಮತ್ತೇನೂ ಇಲ್ರಿ' ಅಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆದರೂ ಎರಡು ದಿನಕ್ಕೆ ಅವರ ಕಡೆಯಿಂದ ಹೂಂ ಬಂತು. ಅವ್ವ ಊರ ದೇವರಿಗೆಲ್ಲ ಕಾಯಿ ಒಡೆಸಿದಳು.

ನಮ್ಮಲ್ಲಿ ಹೂಂ ಅಂದ ಮೇಲೆ ಚೌಕಶಿ ನಡೆಯುತ್ತದೆ. ಹೆಣ್ಣಿನ ಕಡೆಯವರು ಯಾರಿಗೂ ಹೇಳದೆ ಗಂಡಿನ ಊರಿಗೆ ಬಂದು ಅವನ ಬಗ್ಗೆ ವಿಚಾರಿಸುತ್ತಾರೆ. ನೆಂಟರನ್ನು ಕೇಳುವುದಿಲ್ಲ, ನೆಂಟರು ಹೊಗಳುವವರೇ. ಚಹಾದ ಅಂಗಡಿ, ಕ್ಷೌರದ ಅಂಗಡಿ, ಔಷಧಿ ಅಂಗಡಿ, ಹೀಗೆ ಸುಳ್ಳು ಹೇಳಿ ಏನೂ ಗಳಿಸದವರನ್ನು ಹುಡುಕಿ ಕೇಳುತ್ತಾರೆ. ಅಂಗಡಿಯವನ ಒಂದು ಮಾತಿಗೆ ಅಷ್ಟು ತೂಕ. ಅದು ಗೊತ್ತಿದ್ದೇ ಅವ್ವ ಹತ್ತು ವರ್ಷದಿಂದ ಐನಾಪುರದ ಯಾವ ಅಂಗಡಿಯವರ ಜೊತೆಗೂ ಒಂದು ಬಿರುಸು ಮಾತು ಆಡಿರಲಿಲ್ಲ. ಅಲ್ಲೆಲ್ಲ ನಾನು ಪಾಸಾದೆ.

ಹುಡುಗಿಯ ಸೋದರಮಾವನೊಬ್ಬನಿಗೆ ನಿಪ್ಪಾಣಿಯಲ್ಲಿ ಬಟ್ಟೆ ಅಂಗಡಿ ಇತ್ತು. ಅದು ನನ್ನ ಮುದುಕನ ಅಂಗಡಿಯಿಂದ ಎರಡೇ ಬಾಗಿಲು ಆಚೆ. ಮೊಬೈಲಿನಲ್ಲಿ ನನ್ನ ಫೋಟೋ ನೋಡಿದವನಿಗೆ ಈ ಮುಖ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿದೆ. ಫೋಟೋ ಹಿಡಿದು ಮುದುಕನ ಕಡೆ ಹೋಗಿದ್ದಾನೆ. ಮುದುಕ ಬಾಯಿ ತುಂಬ ಹೊಗಳಿದನಂತೆ. 'ದೇವರಂಥಾ ಮನಷ್ಯಾ. ಮಗನ ಮ್ಯಾಲ ಏನ ಜೀವ ಅಂತೀರಿ! ಐನಾಪುರದಿಂದ ಇಷ್ಟ ದೂರ ಬಂದು ತಾಸುಗಟ್ಟಲೆ ನಿಂತು ಮಗಗ ಕಾರ ಆರಸ್ತಾನ.'

ಮರುದಿನ ನಮ್ಮ ಸೋದರಮಾವ ಬಂದು ಕಟ್ಟೆಯ ಮೇಲೆ ಕೂತ. 'ನಿಮ್ಮ ಹುಡುಗಗ ಮೊದಲ ಒಂದ ಮದುವಿ ಆಗೇತಂತ, ಏಳ ವರ್ಷದ ಮಗಾ ಅದಾನಂತ, ಅದನ್ನ ಮುಚ್ಚಿ ಇಟ್ಟಾರಂತ. ಅವರು ಒಲ್ಲೆ ಅಂದ್ರು' ಅಂದ. ಅವ್ವ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ಅವಳ ಸಿಟ್ಟು ನೆತ್ತಿಗೇರಿತು. ನಾನು ಗೋಡೆ ನೋಡುತ್ತ ನಿಂತಿದ್ದೆ. 'ಯಾರೋ ಗುರ್ತು ತಪ್ಪಿ ಹೇಳ್ಯಾರ ಬಿಡ್ರಿ' ಅಂದೆ.

ಅವತ್ತು ಮಧ್ಯಾಹ್ನ ದ್ರಾಕ್ಷಿ ಪಡದಲ್ಲಿದ್ದಾಗ ಅವಳೇ ಫೋನು ಮಾಡಿದಳು. 'ಮನ್ಯಾಗ ಎಲ್ಲಾರೂ ನಂಬ್ಯಾರ, ನನಗ ನಂಬಿಕಿ ಬರವಲ್ದು. ಆ ಕಾರ ಯಾರಿಗ್ರಿ? ನೀವ ಒಂದ ಮಾತ ಹೇಳ್ರಿ, ಉಳದದ್ದ ನಾ ನಮ್ಮಪ್ಪಗ ಹೇಳ್ತೀನಿ.'

ಒಂದೇ ಮಾತು. ಅವಳಿಗೇ ಗಾಡಿಯ ಹುಚ್ಚು. ಕೇಳಿ ನಕ್ಕುಬಿಡುತ್ತಿದ್ದಳೇನೋ, ಒಂದು ದಿನ ನೋಡಬೇಕು ಅನ್ನುತ್ತಿದ್ದಳೇನೋ. ನನ್ನ ಬಾಯಿಂದ ಬಂದದ್ದು 'ನಮ್ಮ ಅಕ್ಕನ ಮಗಗ್ರಿ' ಎಂಬ ಮಾತು.

'ನಿಮ್ಮ ಅಕ್ಕಗ ಇಬ್ರೂ ಹೆಣ್ಣಮಕ್ಕಳ ಅದಾರಲ್ರಿ. ಬಯೋಡಾಟಾದಾಗ ನೀವ ಬರದೀರಿ' ಅಂದಳು. ಅವಳು ಕಾದಳು. ಅವಳು ಕಾಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕಡೆಗೆ 'ಆತ್ರಿ' ಎಂದು ಇಟ್ಟಳು. ಹೆಂಡತಿ ಮಗನನ್ನು ಮುಚ್ಚಿಟ್ಟ ಮೋಸಗಾರ ಅನ್ನಿಸಿಕೊಂಡರೂ ನಡೆದೀತು, ಆಟಿಗೆ ಕಾರು ಕೂಡಿಸುವ ಗಂಡಸು ಅನ್ನಿಸಿಕೊಳ್ಳಲಾರೆ. ಆ ಕ್ಷಣದಲ್ಲಿ ನನ್ನ ಲೆಕ್ಕಾಚಾರ ಅದಾಗಿತ್ತು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ನನ್ನ ಪಾಪ ಅಲ್ಲಿಗೇ ಮುಗಿದಿದ್ದರೆ ಅದು ನನ್ನೊಬ್ಬನದೇ ಆಗಿರುತ್ತಿತ್ತು. ಆದರೆ ಅವ್ವ ಬಿಡಲಿಲ್ಲ. ಆ ಮಾತು ಹೊರಟದ್ದು ಯಾವ ಅಂಗಡಿಯಿಂದ ಎಂದು ಮಾವನಿಂದ ತಿಳಿದುಕೊಂಡಳು. ಮಾವನ ಗಾಡಿಯಲ್ಲಿ ನನ್ನನ್ನೂ ಹತ್ತಿಸಿಕೊಂಡು ನಿಪ್ಪಾಣಿಗೆ ಹೊರಟಳು. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಂಡೇ ಕೂತಿದ್ದೆ. ಅಂಗಡಿ ಬಂತು.

ಮುದುಕ ನನ್ನನ್ನು ನೋಡಿ ಮುಖ ಅರಳಿಸಿ ಗಲ್ಲೆಯ ಕೆಳಗೆ ಕೈ ಹಾಕಿದ. ನೀಲಿ ಜೀಪಿನ ಪ್ಯಾಕೆಟ್ ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ಅವ್ವ ಶುರು ಮಾಡಿದಳು. 'ಏ ಮುದಕಾ! ಮದುವಿ ಆಗಲಾರದ ನನ್ನ ಮಗಗ ಹೇಂತಿ ಮಕ್ಕಳನ ಹುಟ್ಟಸ್ತೀ? ನನ್ನ ಮನಿ ಮುರಿಯಾಕ ನಿನಗ ಯಾರ ಹೇಳಿದ್ರು? ನಿನ್ನ ನಾಲಿಗಿಗಿ ಎಲುಬ ಇಲ್ಲೇನ?' ಪೇಟೆಯ ಮಂದಿ ನೆರೆಯಿತು. ಬಟ್ಟೆ ಅಂಗಡಿಯವನೂ ಬಂದು ನಿಂತ.

ಮುದುಕ ನನ್ನ ಮುಖ ನೋಡಿದ. ಹೆಚ್ಚು ಹೊತ್ತಲ್ಲ. ಅವನಿಗೆ ಎಲ್ಲ ತಿಳಿಯಿತು, ತಿಳಿದದ್ದು ನನಗೂ ಕಾಣಿಸಿತು. ಪ್ಯಾಕೆಟ್ಟನ್ನು ಮೆಲ್ಲಗೆ ಮತ್ತೆ ಕೆಳಗಿಟ್ಟ. ಎದ್ದು ನಿಂತು ಎರಡೂ ಕಿವಿ ಹಿಡಿದುಕೊಂಡ.

'ನಂದ ತಪ್ಪಾತ ತಂಗೆವ್ವಾ. ವಯಸ್ಸಾತು, ಕಣ್ಣ ಮಂಜ ಆಗ್ಯಾವು. ಬ್ಯಾರೆ ಯಾರದೋ ಗುರ್ತ ಇವರಿಗಿ ಹಚ್ಚಿದೆ. ಇವರನ್ನ ನಾ ನೋಡೇ ಇಲ್ಲ.'

ಎಪ್ಪತ್ತು ದಾಟಿದ ಮುದುಕ, ತನ್ನ ಅಂಗಡಿಯಲ್ಲಿ, ತನ್ನ ಗಿರಾಕಿಗಳ ಮುಂದೆ, ನನ್ನ ಸುಳ್ಳಿಗೆ ಕಿವಿ ಹಿಡಿದುಕೊಂಡ. ನಾನು ಬಾಯಿ ತೆರೆಯಲಿಲ್ಲ. ಬಟ್ಟೆ ಅಂಗಡಿಯವನು ಒಂದು ನಗೆ ನಕ್ಕು ತಿರುಗಿ ಹೋದ. ಕಾರು ಅಕ್ಕನ ಮಗನಿಗೆಂದು ನಾನು ಹೇಳಿದ್ದು ಅವನ ಕಿವಿಗೆ ಆಗಲೇ ಬಿದ್ದಿತ್ತಂತೆ, ಮುದುಕ ನನ್ನನ್ನು ನೋಡೇ ಇಲ್ಲವೆಂದದ್ದನ್ನು ಅವನು ನಂಬಲಿಲ್ಲ. ಸಂಬಂಧ ಅಲ್ಲಿಗೆ ಮುರಿಯಿತು. ಅವಳಿಗೆ ಆರು ತಿಂಗಳಲ್ಲಿ ಬೇರೆ ಕಡೆ ಮದುವೆಯಾಯಿತು.

ಒಂದು ವರ್ಷ ನಾನು ನಿಪ್ಪಾಣಿಯ ದಿಕ್ಕಿಗೆ ತಲೆ ಹಾಕಲಿಲ್ಲ. ಡಬ್ಬವನ್ನೂ ಇಳಿಸಲಿಲ್ಲ. ಅವ್ವ ಮಾತ್ರ ಬಂದವರ ಮುಂದೆಲ್ಲ ಆ ಮುದುಕನಿಗೆ ಹಿಡಿಶಾಪ ಹಾಕುವಳು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುವೆ. ಹೀಗೇ ನಡೆದುಹೋಗುತ್ತಿತ್ತೇನೋ. ಒಂದು ದಿನ ಮಾವ ಬಂದು ನಗುತ್ತ ಸುದ್ದಿ ಹೇಳಿದ: ನಿಪ್ಪಾಣಿ ಪೇಟೆಯಲ್ಲಿ ಈಗ ಆ ಮುದುಕನ ಮಾತಿಗೆ ಬೆಲೆಯೇ ಇಲ್ಲವಂತೆ. ಯಾರಾದರೂ ಚೌಕಶಿಗೆ ಬಂದರೆ ಅಕ್ಕಪಕ್ಕದವರು, 'ಅಂವಗ ಬಿಟ್ಟ ಯಾರಿಗಾದ್ರೂ ಕೇಳ್ರಿ, ಅಂವಾ ಗುರ್ತಿಲ್ಲದವ್ರಿಗಿ ಮಕ್ಕಳನ ಹುಟ್ಟಸ್ತಾನ' ಎಂದು ಚೇಷ್ಟೆ ಮಾಡುತ್ತಾರಂತೆ. ಅವ್ವ 'ಹಂಗ ಆಗಬೇಕು' ಅಂದಳು.

ನಲವತ್ತು ವರ್ಷ ಅದೇ ಗಲ್ಲೆಯಲ್ಲಿ ಕೂತವನು. ಅವನ ಮಾತಿನ ಮೇಲೆ ಎಷ್ಟು ಮದುವೆ ಆಗಿದ್ದವೋ. ಅವನು ಜೀವನದಲ್ಲಿ ಹೇಳಿದ ಒಂದೇ ಸುಳ್ಳು ನನ್ನನ್ನು ಉಳಿಸಲು ಹೇಳಿದ್ದು, ಆ ಸುಳ್ಳಿಗೇ ಅವನ ಹೆಸರು ಹೋಯಿತು.

ಮಾವ ಹೋದ ಮೇಲೆ ಅವ್ವ ಪಡಸಾಲೆಯಲ್ಲಿ ಪರಾತ ಇಟ್ಟುಕೊಂಡು ಒಣದ್ರಾಕ್ಷಿ ಆರಿಸುತ್ತಿದ್ದಳು. ನಾನು ಕಪಾಟಿನ ಮೇಲಿಂದ ಡಬ್ಬ ಇಳಿಸಿ ತಂದು ಅವಳ ಮುಂದೆ ಇಟ್ಟೆ. ಬಿಳಿ ಪಿಕಪ್ ತೆಗೆದು ಪರಾತದ ಅಂಚಿಗೆ ನಿಲ್ಲಿಸಿದೆ.

'ಇದ ಯಾರದೋ?'

'ನಂದ.'

'ನಿಂದಂದ್ರ?'

'ನಂದ ಯವ್ವಾ. ಇವಿಷ್ಟೂ ನಂದ. ಆ ಮುದುಕ ಸುಳ್ಳ ಹೇಳಿರಲಿಲ್ಲ. ಮಗಗ ಅಂತ ನಾನ ಹೇಳಿದ್ದೆ.'

ಅವ್ವ ಪಿಕಪ್ಪನ್ನು ಕೈಯಲ್ಲಿ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅದನ್ನು ಮತ್ತೆ ಪರಾತದ ಅಂಚಿಗೆ ನಿಲ್ಲಿಸಿ, 'ಆ ಹಿರೀ ಜೀವಕ್ಕ ನಾ ಕಿವಿ ಹಿಡಿಸಿದೆನಲ್ಲೋ' ಅಂದಳು. ಮದುವೆಯ ಮಾತು ಎತ್ತಲೇ ಇಲ್ಲ.

ಬೆಳಗ್ಗೆ ನಾನು ಚಹಾ ಕುಡಿಯುವಷ್ಟರಲ್ಲಿ ಅವಳು ಇಳಕಲ್ ಸೀರೆ ಉಟ್ಟು, ಒಳ್ಳೆಯ ಒಣದ್ರಾಕ್ಷಿಯ ಗಂಟು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. 'ಗಾಡಿ ತಗಿ' ಅಂದಳು. ಇಡೀ ದಾರಿ ನನ್ನ ಬೆನ್ನ ಹಿಂದೆ ಬೈಕಿನ ಮೇಲೆ ಗಂಟನ್ನು ಬಿಗಿಯಾಗಿ ಹಿಡಿದು ಕೂತು ಬಂದಳು.

ಅಂಗಡಿಯ ಮುಂದೆ ಇಳಿದವಳು ಸೀದಾ ಬಟ್ಟೆ ಅಂಗಡಿಗೆ ನಡೆದಳು. ಅಲ್ಲಿ ಗಿರಾಕಿಗಳಿದ್ದರು. 'ಬರ್ರಿ, ಒಂದ ಮಾತ ಐತಿ' ಎಂದು ಅವನನ್ನು ಕರೆದುಕೊಂಡು ಮುದುಕನ ಅಂಗಡಿಗೆ ಬಂದಳು. ಗಂಟನ್ನು ಗಲ್ಲೆಯ ಮೇಲಿಟ್ಟಳು. ಎಲ್ಲರ ಎದುರಿಗೆ ಎರಡೂ ಕಿವಿ ಹಿಡಿದುಕೊಂಡು, 'ಯಣ್ಣಾ, ನಿನ್ನ ಮಾತ ಖರೇ ಇತ್ತು. ಸುಳ್ಳ ನಮ್ಮ ಮನ್ಯಾಗ ಇತ್ತು' ಅಂದಳು. ಮುದುಕ ಗಾಬರಿಯಾಗಿ ಅವಳ ಕೈ ಬಿಡಿಸಲು ಎದ್ದು ಬಂದ. ಬಟ್ಟೆ ಅಂಗಡಿಯವನು ನನ್ನ ಕಡೆ ತಿರುಗಿದ. ನಾನು ಗೋಡೆಯ ಮೇಲಿನ ಪ್ಯಾಕೆಟ್ಟುಗಳಿಗೆ ಕೈ ಮಾಡಿ, 'ಅವು ನನಗರಿ. ಮೊದಲಿಂದಲೂ ನನಗ' ಅಂದೆ. ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವನು 'ಹೌದೇನ್ರಿ' ಅಂದ. ಮುದುಕನಿಗೆ ಕೈ ಮುಗಿದು ತನ್ನ ಗಿರಾಕಿಗಳ ಕಡೆ ಹೋದ. ಯಾರೂ ನಗಲಿಲ್ಲ. ಹೇಳಲು ಹಿಡಿದದ್ದು ಇಷ್ಟೇ ಹೊತ್ತು.

ಮುದುಕ ಚಹಾ ತರಿಸಿದ. ಕುಡಿದ ಮೇಲೆ ಅವ್ವ ಎದ್ದು ಗೋಡೆಯ ಹತ್ತಿರ ಹೋದಳು. ಜೀಪಿನ ಪ್ಯಾಕೆಟ್ ನಾಲ್ಕಿದ್ದವು. ನಾಲ್ಕನ್ನೂ ಇಳಿಸಿ ಗಲ್ಲೆಯ ಮೇಲೆ ಸಾಲಾಗಿ ಇಟ್ಟಳು. ಬಾಗಿ, ಕಾಳು ನೋಡುವ ಹಾಗೆ ಒಂದೊಂದನ್ನೇ ನೋಡಿದಳು. 'ಇದರ ಗಾಲಿ ಸೊಟ್ಟ ಐತಿ' ಎಂದು ಒಂದನ್ನು ಸರಿಸಿದಳು. 'ಇದರ ಬಣ್ಣ ಹರದೈತಿ' ಎಂದು ಇನ್ನೊಂದನ್ನು ಸರಿಸಿದಳು. ಕಡೆಗೆ ಒಂದನ್ನು ಆರಿಸಿ ಮುದುಕನ ಮುಂದೆ ಇಟ್ಟಳು.

ಮುದುಕ ಕನ್ನಡಕ ಏರಿಸಿಕೊಂಡು, ನನ್ನ ಕಡೆ ನೋಡದೆ, ರೂಢಿಯ ಪ್ರಕಾರ ಕೇಳಿದ.

'ಮಗಗ ಏನವ್ವಾ?'

'ಹೂಂನಪಾ' ಅಂದಳು ಅವ್ವ. 'ನನ್ನ ಮಗಗ.'